ಬೆಳ್ಳಗಾಗುವ ಕ್ರೀಮಿನಲ್ಲಿ ಪಾದರಸ, ಸ್ಟಿರಾಯ್ಡ್, ಹೈಡ್ರೋಕ್ವಿನೋನ್: ಯಾವ ಪರೀಕ್ಷೆ, ಎಲ್ಲಿ, ಎಷ್ಟು ಸ್ಯಾಂಪಲ್?

ಬನವಾಸಿ ರಸ್ತೆ ಕೇಳಿದ ಪ್ರಶ್ನೆ (ಇದೂ ಕೆಳಗಿನ ತಲೆಬರಹಗಳೂ ಬರೆದವರು ಇಟ್ಟುಕೊಂಡ ಹೆಸರುಗಳು)

ಶಿರಸಿ ಕಡೆಯ ಕೆಲವು ಸ್ವಸಹಾಯ ಸಂಘಗಳ ಪರವಾಗಿ ಕೇಳುತ್ತಿರುವುದು. ಜಾತ್ರೆ ಪೇಟೆ, ಪಾರ್ಲರ್, ಫ್ಯಾನ್ಸಿ ಅಂಗಡಿ, ಮೆಡಿಕಲ್ ಶಾಪ್ ಹೀಗೆ ಬೇರೆ ಬೇರೆ ಕಡೆಯಿಂದ ಹತ್ತು ಸ್ಯಾಂಪಲ್ ಕೊಂಡು ಇಡಲಾಗಿದೆ. ನಾಲ್ಕು ಲೇಬಲ್ಲೇ ಇಲ್ಲದ 30 ಗ್ರಾಂನ ಬಿಳಿ ಡಬ್ಬಿಗಳು, "ಫಾರ್ಮುಲಾ ಕ್ರೀಮ್" ಅಂತ ಮಾರುವಂಥವು. ಮೂರು ಹೊರದೇಶದ ಮಾಲು, ಲೇಬಲ್ ಅರಬಿ ಮತ್ತು ಉರ್ದುವಿನಲ್ಲಿ. ಒಂದು ಸೋಪು. ಡಾಕ್ಟರ ಚೀಟಿ ಕೇಳದೆ ಕೊಟ್ಟ ಎರಡು ಟ್ಯೂಬುಗಳು.

ಒಂದು ಡಬ್ಬಿಯನ್ನು ಖಾಸಗಿ ಲ್ಯಾಬಿಗೆ ಕಳಿಸಿದ್ದಾಯಿತು. ವರದಿಯಲ್ಲಿ "ಹೆವಿ ಮೆಟಲ್ಸ್ (ಸೀಸದ ಲೆಕ್ಕದಲ್ಲಿ) 20 ಪಿಪಿಎಂಗಿಂತ ಕಡಿಮೆ, ಪಾಸ್" ಅಂತಿದೆ (ಪಿಪಿಎಂ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು). ಇದನ್ನು ನಂಬಬಹುದೇ? ಇಲ್ಲಿಯ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಫ್ಯೂಮ್ ಹುಡ್, ಟಿಎಲ್‌ಸಿ ಪ್ಲೇಟು (ಬೆರೆತ ವಸ್ತುಗಳನ್ನು ಬೇರೆ ಬೇರೆ ಚುಕ್ಕೆಯಾಗಿ ಬಿಡಿಸುವಂಥದ್ದು), 254 ನ್ಯಾನೋಮೀಟರಿನ ಯುವಿ ದೀಪ ಇವೆ, ವಸ್ತುಗಳನ್ನು ಬಿಡಿಸಿ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿ ಇಲ್ಲ. ಅಷ್ಟರಲ್ಲಿ ಎಂತೆಂತ ಮಾಡಬಹುದು? ಚಿನ್ನದಂಗಡಿಯ ಕ್ಯಾರೆಟ್ ಮೀಟರಿನಲ್ಲಿ ಪಾದರಸ ಕಾಣುತ್ತದೆ ಅನ್ನುತ್ತಾರಲ್ಲ, ಹೌದಾ? ಕೊನೆಗೆ ದೂರು ಕೊಡುವುದಾದರೆ ಸ್ಯಾಂಪಲ್ ಹೇಗೆ ಇಟ್ಟುಕೊಂಡಿರಬೇಕು?

ಮೇಜು ಮತ್ತು ತಕ್ಕಡಿ

ಮೊದಲು ಆ ವರದಿಯ ವಿಷಯ. "ಸೀಸದ ಲೆಕ್ಕದಲ್ಲಿ ಹೆವಿ ಮೆಟಲ್ಸ್" ಅನ್ನುವುದು ಹಳೇ ಕಾಲದ ಪರೀಕ್ಷೆ. ಸ್ಯಾಂಪಲ್ ಸುಟ್ಟು ಬೂದಿ ಮಾಡಿ, ಬೂದಿಯನ್ನು ಆಮ್ಲದಲ್ಲಿ ಕರಗಿಸಿ, ಸಲ್ಫೈಡ್ ಹಾಕಿ, ಬಂದ ಕಂದು ಬಣ್ಣವನ್ನು ಸೀಸದ ದ್ರಾವಣದ ಪಕ್ಕ ಹಿಡಿದು ನೋಡುವುದು. ಸುಡುವಾಗಲೇ ಪಾದರಸ ಆವಿಯಾಗಿ ಹೋಗಿರುತ್ತದೆ. ಡಬ್ಬಿಯಲ್ಲಿ ಶೇಕಡಾ ಒಂದು ಪಾದರಸ ಇದ್ದರೂ ಆ ಸಾಲು ಪಾಸ್. ಲ್ಯಾಬಿನವರು ಮೋಸ ಮಾಡಿದರು ಅಂತಲ್ಲ, ಕೇಳಿದ್ದನ್ನು ಮಾಡಿಕೊಟ್ಟಿದ್ದಾರೆ. "ಪಾದರಸ" ಅಂತ ಹೆಸರು ಹಿಡಿದು ಕೇಳದಿದ್ದರೆ ಪಾದರಸ ಯಾರೂ ನೋಡುವುದಿಲ್ಲ. ಸ್ಟಿರಾಯ್ಡ್‌ದೂ ಇದೇ ಕಥೆ, ಚರ್ಮದ ಬಣ್ಣ ತಿಳಿ ಮಾಡುವ ರಾಸಾಯನಿಕ ಹೈಡ್ರೋಕ್ವಿನೋನ್‌ದೂ ಇದೇ. ಮೂರಕ್ಕೂ ಯಂತ್ರ ಬೇರೆ, ದ್ರಾವಕ ಬೇರೆ. ಒಂದೇ ಪರೀಕ್ಷೆಯಲ್ಲಿ ಎಲ್ಲಾ ಸಿಗುವುದಿಲ್ಲ.

ಪಾದರಸದ ಮಿತಿ 2020ರ ಸೌಂದರ್ಯವರ್ಧಕ ನಿಯಮಗಳಲ್ಲಿ ಹೀಗಿದೆ: ಕಣ್ಣಿನ ಸುತ್ತ ಮಾತ್ರ ಹಚ್ಚುವ ಮಾಲಿಗೆ 70 ಪಿಪಿಎಂ, ಉಳಿದದ್ದಕ್ಕೆಲ್ಲ ಗೊತ್ತಿಲ್ಲದೆ ಸೇರಿಕೊಂಡದ್ದು 1 ಪಿಪಿಎಂ ಮೀರುವಂತಿಲ್ಲ. ಬೇಕಂತಲೇ ಹಾಕಿದ ಕ್ರೀಮಿನಲ್ಲಿ ಲೆಕ್ಕ ಸಾವಿರಗಳಲ್ಲಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾಹಿತಿಯಲ್ಲಿ ಸೋಪುಗಳಿಗೆ ಮರ್ಕ್ಯುರಿ ಅಯೊಡೈಡ್ ಶೇಕಡಾ 1ರಿಂದ 3, ಕ್ರೀಮುಗಳಿಗೆ ಅಮೋನಿಯೇಟೆಡ್ ಮರ್ಕ್ಯುರಿ ಶೇಕಡಾ 1ರಿಂದ 10 ಎಂದಿದೆ. ಶೇಕಡಾ 1 ಅಂದರೆ 10,000 ಪಿಪಿಎಂ. ಈ ಅಂತರ ಇರುವುದರಿಂದಲೇ ಕಾಲೇಜು ಲ್ಯಾಬಿನಲ್ಲಿ ಒರಟಾದ ಮೊದಲ ಪರೀಕ್ಷೆ ಮಾಡುವುದಕ್ಕೆ ಅರ್ಥವಿದೆ. ಅದರಲ್ಲಿ "ಇದೆ" ಅಂತ ಬಂದರೆ ಸುದ್ದಿ. "ಕಾಣಲಿಲ್ಲ" ಅಂತ ಬಂದರೆ 1 ಪಿಪಿಎಂ ಒಳಗಿದೆ ಅಂತ ಅಲ್ಲವೇ ಅಲ್ಲ.

ದೊಡ್ಡ ಲ್ಯಾಬಿಗೆ ಕೊಡುವಾಗ ವಿಧಾನ ಕೇಳಿ. 0.25 ಗ್ರಾಂ ಕ್ರೀಮ್, 6 ಮಿ.ಲೀ. ನೈಟ್ರಿಕ್ ಆಮ್ಲ, ಸ್ವಲ್ಪ ಹೈಡ್ರೋಕ್ಲೋರಿಕ್ ಮತ್ತು ಪೆರಾಕ್ಸೈಡ್, ಮುಚ್ಚಿದ ಟೆಫ್ಲಾನ್ ಪಾತ್ರೆ, ಮೈಕ್ರೋವೇವಿನಲ್ಲಿ 180ರಿಂದ 200 ಡಿಗ್ರಿ. ಆಮ್ಲ ಹಾಕಿದ ತಕ್ಷಣ ಮುಚ್ಚಳ ಬಿಗಿದರೆ ಎಣ್ಣೆ ಅಂಶ ನೊರೆಯೆದ್ದು ಒತ್ತಡ ಏರುತ್ತದೆ, ಅರ್ಧ ತಾಸು ಬಿಟ್ಟು ಮುಚ್ಚಬೇಕು. ಆಮೇಲೆ ಪೂರ್ತಿ ತಣಿದ ಹೊರತು ಬಿಚ್ಚಬಾರದು, ಬಿಸಿಯಲ್ಲೇ ಬಿಚ್ಚಿದರೆ ಪಾದರಸ ಆವಿಯ ಜೊತೆ ಹೋಗುತ್ತದೆ. ತೆರೆದ ಬೀಕರ್ ಹಾಟ್‌ಪ್ಲೇಟ್ ಮೇಲಿಟ್ಟು ಕುದಿಸುವ ಲ್ಯಾಬ್ ಆದರೆ ಅಲ್ಲಿಂದ ಎದ್ದು ಬನ್ನಿ. ತಳದಲ್ಲಿ ಬಿಳಿ ಪುಡಿ ಉಳಿದರೆ ಗಾಬರಿ ಬೇಡ, ಅದು ಟೈಟಾನಿಯಂ ಡೈಆಕ್ಸೈಡೋ ಟಾಲ್ಕೋ ಇರುತ್ತದೆ.

ಲೆಕ್ಕ ಹೀಗೆ: 0.25 ಗ್ರಾಂ ಕರಗಿಸಿ 50 ಮಿ.ಲೀ. ಮಾಡಿದ್ದು, ಯಂತ್ರ 20 ಪಿಪಿಬಿ (ಸಾವಿರ ಪಿಪಿಬಿ ಸೇರಿದರೆ ಒಂದು ಪಿಪಿಎಂ) ತೋರಿಸಿತು ಅಂದರೆ 50 ಮಿ.ಲೀ.ಯಲ್ಲಿ 1 ಮೈಕ್ರೋಗ್ರಾಂ, ಕ್ರೀಮಿನಲ್ಲಿ 4 ಪಿಪಿಎಂ. ಕಾನೂನಿನ 1 ಪಿಪಿಎಂಗೆ ಯಂತ್ರದಲ್ಲಿ ಕಾಣುವುದು 5 ಪಿಪಿಬಿ ಮಾತ್ರ. ಶೇಕಡಾ 1ರ ಕ್ರೀಮ್ ಇದೇ ರೀತಿ ಹೋದರೆ 50,000 ಪಿಪಿಬಿ. ಅತಿ ಸಣ್ಣ ಪ್ರಮಾಣದ ಲೋಹ ಅಳೆಯುವ ಐಸಿಪಿ-ಎಂಎಸ್ ಯಂತ್ರಕ್ಕೆ ಅದು ಒಮ್ಮೆ ಹೊಕ್ಕರೆ ಕೊಳವೆಗಳಿಗೆ ಅಂಟಿ, ಮುಂದಿನ ಗಿರಾಕಿಯ ಸ್ಯಾಂಪಲ್ಲಿನಲ್ಲೂ ಪಾದರಸ ತೋರಿಸುತ್ತದೆ. ಆದ್ದರಿಂದ ಅನುಮಾನ ಜಾಸ್ತಿ ಇರುವ ಡಬ್ಬಿ ಯಾವುದು ಅಂತ ಮೊದಲೇ ಹೇಳಿಬಿಡಿ, ಅವರು ಇನ್ನೂ ತೆಳು ಮಾಡಿ ಹಾಕಿಕೊಳ್ಳುತ್ತಾರೆ.

ಸೋಪಿನ ಬಗ್ಗೆ ಒಂದು ಮಾತು. ಅಯೊಡೈಡ್ ಇರುವ ಪಾದರಸ ಹಟಮಾರಿ. ಪಾದರಸವನ್ನು ಆವಿ ಮಾಡಿ ಅಳೆಯುವ ಕೋಲ್ಡ್ ವೇಪರ್ ಯಂತ್ರದಲ್ಲಿ ಸ್ಟ್ಯಾನಸ್ ಕ್ಲೋರೈಡ್ ಹಾಕಿ ಪಾದರಸ ಬಿಡಿಸುವಾಗ ಅಯೊಡೈಡ್ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಫಲಿತಾಂಶ ಕಡಿಮೆ ಬರುತ್ತದೆ. ಬೋರೋಹೈಡ್ರೈಡ್ ಬಳಸುತ್ತೀರಾ ಎಂದು ಕೇಳಿ, ಜೊತೆಗೆ ಅದೇ ಸೋಪಿಗೆ ಗೊತ್ತಿರುವಷ್ಟು ಪಾದರಸ ಸೇರಿಸಿ ಎಷ್ಟು ವಾಪಸ್ ಸಿಕ್ಕಿತು ಎಂಬ ರಿಕವರಿ ಅಂಕಿ ಕೇಳಿ. 80ರಿಂದ 120 ಶೇಕಡಾ ಒಳಗೆ ಇರಬೇಕು.

ವರದಿಯಲ್ಲಿ "ಪತ್ತೆಯಾಗಿಲ್ಲ" ಅಂತ ಬರೆದು ಎಷ್ಟರವರೆಗೆ ಪತ್ತೆ ಮಾಡಬಲ್ಲರು ಅಂತ ಬರೆಯದಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ.

ಕುಮಟಾ ತಿರುವು

ಇಷ್ಟೆಲ್ಲ ಯಾಕೆ ಮಾರಾಯ್ರೆ, ಚಿನ್ನದ ಉಂಗುರಕ್ಕೆ ಹಚ್ಚಿ ಒಂದು ರಾತ್ರಿ ಬಿಟ್ಟು ನೋಡಿ. ಬೆಳ್ಳಗಾದರೆ ಪಾದರಸ ಇದೆ ಅಂತ ಆಯ್ತಲ್ಲ.

ಮೇಜು ಮತ್ತು ತಕ್ಕಡಿ

ಉಂಗುರ ಕೆಟ್ಟರೆ ಕೆಟ್ಟಿತು, ಉತ್ತರವೂ ಸಿಗುವುದಿಲ್ಲ. ಚಿನ್ನಕ್ಕೆ ಹತ್ತುವುದು ಲೋಹರೂಪದ ಪಾದರಸ. ಕ್ರೀಮಿನಲ್ಲಿ ಇರುವುದು ಲವಣ. ಚರ್ಮದ ಮೇಲೆ ಅದರಲ್ಲಿ ಅಷ್ಟಿಷ್ಟು ಲೋಹವಾಗಿ ಬದಲಾಗುತ್ತದೆ, ಅದಕ್ಕೇ ಕೆಲವು ಹೊರದೇಶದ ಡಬ್ಬಿಗಳ ಮೇಲೆ "ಚಿನ್ನ, ಬೆಳ್ಳಿ, ಅಲ್ಯೂಮಿನಿಯಂ, ರಬ್ಬರಿಗೆ ತಾಗಿಸಬೇಡಿ" ಎಂಬ ಸೂಚನೆ ಇರುತ್ತದೆ. ಆ ಸಾಲು ಕಂಡರೆ ಅದೇ ಒಳ್ಳೇ ಸುಳಿವು. ಆದರೆ ಉಂಗುರ ಹಾಗೇ ಉಳಿಯಿತು ಅಂತ ಕ್ರೀಮ್ ಶುದ್ಧ ಅಂದುಕೊಂಡರೆ ಕೆಟ್ಟಿರಿ.

ಚಿನ್ನದ ಬದಲು ತಾಮ್ರ ತೆಗೆದುಕೊಳ್ಳಿ, ಆಮ್ಲದಲ್ಲಿ. ತಾಮ್ರ ಲವಣದಿಂದ ಪಾದರಸವನ್ನು ತಾನೇ ಹೊರಗೆಳೆಯುತ್ತದೆ. ಫ್ಯೂಮ್ ಹುಡ್ ಇದೆ ಅಂದಿರಿ, ಸಾಕು. 1 ಗ್ರಾಂ ಕ್ರೀಮಿಗೆ 10 ಮಿ.ಲೀ. ತೆಳು ಹೈಡ್ರೋಕ್ಲೋರಿಕ್ ಆಮ್ಲ, ಗಾಜಿನ ನಳಿಕೆ, 50ರಿಂದ 60 ಡಿಗ್ರಿ ನೀರಿನಲ್ಲಿ ಹದಿನೈದು ನಿಮಿಷ ಅಲುಗಾಡಿಸುತ್ತ ಇಡಿ. ಕ್ರೀಮ್ ಒಡೆದು ಕೊಬ್ಬು ಮೇಲೆ ತೇಲುತ್ತದೆ. ಐಸ್ ನೀರಿನಲ್ಲಿಟ್ಟರೆ ಕೊಬ್ಬು ಗಟ್ಟಿ ಬಿಲ್ಲೆಯಾಗುತ್ತದೆ, ಕೆಳಗಿನ ನೀರನ್ನು ಬಸಿದುಕೊಳ್ಳಿ. ಉಪ್ಪುಕಾಗದದಿಂದ ಉಜ್ಜಿ ಹೊಳಪು ಬರಿಸಿದ ತಾಮ್ರದ ಪಟ್ಟಿ ಅದರಲ್ಲಿ ಅರ್ಧ ತಾಸು. ಹೊರತೆಗೆದು ನೀರಿನಲ್ಲಿ ಅದ್ದಿ, ಟಿಶ್ಯೂ ಕಾಗದದಿಂದ ಮೆಲ್ಲಗೆ ಒರೆಸಿ. ಬೂದು ಪೊರೆ ಒರೆಸಿದಷ್ಟೂ ಬೆಳ್ಳಿಯ ಹಾಗೆ ಮಿಂಚಿದರೆ ಪಾದರಸ. ಒರೆಸಿದರೂ ಮಂಕು ಕಪ್ಪು ಉಳಿದರೆ ಆರ್ಸೆನಿಕ್, ಬಿಸ್ಮತ್, ಆಂಟಿಮನಿ ಯಾವುದೂ ಇರಬಹುದು.

ಅದೇ ಬಸಿದ ನೀರು 1 ಮಿ.ಲೀ.ಗೆ ಶೇಕಡಾ 5ರ ಪೊಟ್ಯಾಸಿಯಂ ಅಯೊಡೈಡ್ ಒಂದೊಂದೇ ಹನಿ ಬಿಡಿ. ಮೊದಲ ಹನಿಗೆ ಕುಂಕುಮದ ಕೆಂಪು ಬರುತ್ತದೆ. ನಾಲ್ಕಾರು ಹನಿ ಹೆಚ್ಚಾದರೆ ಕರಗಿ ಮಾಯ. ಒಂದೇ ಸಲ ಸುರಿದು "ಏನೂ ಬರಲಿಲ್ಲ" ಅನ್ನುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು.

ಈ ಎರಡೂ ತಪ್ಪಿಸಿಕೊಳ್ಳುವುದು ಕ್ಯಾಲೊಮೆಲ್, ಅಂದರೆ ಮರ್ಕ್ಯುರಸ್ ಕ್ಲೋರೈಡ್. ಅದು ತೆಳು ಆಮ್ಲದಲ್ಲಿ ಕರಗುವುದಿಲ್ಲ. ಅದಕ್ಕೆ ಬಿಳಿ ಟೈಲ್ಸ್ ಮೇಲೆ ಚೂರು ಕ್ರೀಮ್ ಸವರಿ ಒಂದು ಹನಿ ಅಮೋನಿಯಾ ಬಿಡಿ. ಕ್ಯಾಲೊಮೆಲ್ ಇದ್ದರೆ ಕಣ್ಣೆದುರೇ ಬೂದು, ಆಮೇಲೆ ಕಪ್ಪು.

ಇನ್ನೊಂದು: ಸೀದಾ ಬೆಂಕಿಯ ಮೇಲೆ ಯಾವುದನ್ನೂ ಕಾಯಿಸಬೇಡಿ. ಪರೀಕ್ಷೆ ಮುಗಿದ ದ್ರಾವಣ ಸಿಂಕಿಗೆ ಹೋಗಬಾರದು. ಕಾಲೇಜಿನ ಸಿಂಕು ಕೊನೆಗೆ ಯಾರದೋ ತೋಟದ ಹಳ್ಳ ಸೇರುತ್ತದೆ. ಗಾಜಿನ ಬಾಟಲಿಗೆ ತುಂಬಿ ಚೀಟಿ ಅಂಟಿಸಿ ಇಡಿ.

ಒರೆಗಲ್ಲು, ಕಾರವಾರ

ಕ್ಯಾರೆಟ್ ಮೀಟರಿನ ಪ್ರಶ್ನೆಗೆ. ಯಂತ್ರದ ತತ್ವ ಎಕ್ಸ್‌ಆರ್‌ಎಫ್, ಅಂದರೆ ಎಕ್ಸ್-ರೇ ಬಿಟ್ಟು ವಾಪಸ್ ಬರುವ ಕಿರಣದಿಂದ ಧಾತು ಗುರುತಿಸುವುದು, ಪಾದರಸವನ್ನೂ ಗುರುತಿಸುವ ತತ್ವವೇ. ಆದರೆ ಅಂಗಡಿಯಲ್ಲಿ ಇರುವ ತಂತ್ರಾಂಶ ಚಿನ್ನಕ್ಕಾಗಿ ಬರೆದದ್ದು. ಅದರ ಪಟ್ಟಿಯಲ್ಲಿ ಚಿನ್ನ, ಬೆಳ್ಳಿ, ತಾಮ್ರ, ಸತು, ಕ್ಯಾಡ್ಮಿಯಂ ಇಂಥವು ಇರುತ್ತವೆ, ಪಾದರಸ ಎಷ್ಟೋ ಯಂತ್ರಗಳಲ್ಲಿ ಇರುವುದೇ ಇಲ್ಲ. ಇಟ್ಟದ್ದೆಲ್ಲ ಲೋಹವೇ ಎಂದುಕೊಂಡು ಮೊತ್ತವನ್ನು 100 ಮಾಡಿ ತೋರಿಸುತ್ತದೆ. ಕ್ರೀಮಿನ ಬಹುಪಾಲು ನೀರು, ಎಣ್ಣೆ. ಅವು ಇದಕ್ಕೆ ಕಾಣುವುದಿಲ್ಲ. ಹಾಗಾಗಿ ಜಿಂಕ್ ಆಕ್ಸೈಡ್ ಇರುವ ಸಾದಾ ಸನ್‌ಸ್ಕ್ರೀನ್ ಇಟ್ಟರೂ "ಸತು 90 ಚಿಲ್ಲರೆ" ಅನ್ನುತ್ತದೆ. ಪರದೆಯ ಮೇಲಿನ ಶೇಕಡಾವಾರು ಅಂಕಿಯ ಫೋಟೋ ತೆಗೆದು ಹಂಚಬೇಡಿ, ಅದಕ್ಕೆ ಅರ್ಥವಿಲ್ಲ.

ಅಂಗಡಿಯವರು ಸ್ಪೆಕ್ಟ್ರಂ ತೆರೆದು ತೋರಿಸಿದರೆ ಮಾತ್ರ ಸ್ವಲ್ಪ ಉಪಯೋಗ. ಪಾದರಸದ ಎರಡು ಶಿಖರಗಳು 9.99 ಮತ್ತು 11.82 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ ಇರುತ್ತವೆ. ಎರಡೂ ಇರಬೇಕು. ಮೊದಲನೆಯದು ಒಂದೇ ಕಂಡರೆ ನಂಬಬೇಡಿ, ಸತುವಿನ ಎರಡನೇ ಶಿಖರ 9.57ರಲ್ಲಿ, ಚಿನ್ನದ್ದು 9.71ರಲ್ಲಿ ಪಕ್ಕಕ್ಕೇ ಇವೆ. ಚಿನ್ನದಂಗಡಿಯ ಯಂತ್ರದ ಒಳಗೆ ಚಿನ್ನದ ಹುಡಿ ಇಲ್ಲದೇ ಇರುತ್ತದೆಯೇ? ಹಳೇ ಮಾದರಿಯ ಪ್ರೊಪೋರ್ಷನಲ್ ಕೌಂಟರ್ ಯಂತ್ರಕ್ಕೆ ಇವೆಲ್ಲ ಒಂದೇ ಗುಡ್ಡೆಯಾಗಿ ಕಾಣುತ್ತವೆ. ಸಿಲಿಕಾನ್ ಡಿಟೆಕ್ಟರ್ ಇದ್ದದ್ದಾದರೆ ಬಿಡಿಸಿ ತೋರಿಸುತ್ತದೆ.

ಮಾಡುವುದೇ ಆದರೆ ಕ್ರೀಮನ್ನು ನೇರ ಯಂತ್ರದ ಕಿಟಕಿ ಮೇಲೆ ಸವರಬಾರದು. ತಳಕ್ಕೆ ತೆಳು ಮೈಲಾರ್ ಹಾಳೆ ಬಿಗಿದ ಎಕ್ಸ್‌ಆರ್‌ಎಫ್ ಕಪ್ ತರಿಸಿಕೊಳ್ಳಿ, 5 ಗ್ರಾಂ ತುಂಬಿ, ಗಾಳಿಗುಳ್ಳೆ ಹೋಗುವಂತೆ ಕುಟ್ಟಿ, ಪದರ ಕನಿಷ್ಠ 1 ಸೆಂ.ಮೀ. ದಪ್ಪ ಇರಲಿ. 60ರಿಂದ 120 ಸೆಕೆಂಡ್ ಓದಿಸಿ. ಖಾಲಿ ಕಪ್, ಆಮೇಲೆ ಪಾದರಸ ಇಲ್ಲವೆಂದು ಗೊತ್ತಿರುವ ಪೆಟ್ರೋಲಿಯಂ ಜೆಲ್ಲಿ, ಆಮೇಲೆ ನಿಮ್ಮ ಸ್ಯಾಂಪಲ್, ಈ ಕ್ರಮದಲ್ಲಿ. ಖಾಲಿ ಕಪ್ಪಿನಲ್ಲೇ ಶಿಖರ ಬಂದರೆ ಅಲ್ಲಿಗೇ ನಿಲ್ಲಿಸಿ. ಮಣ್ಣು, ಪ್ಲಾಸ್ಟಿಕ್ ಪರೀಕ್ಷೆಗೆ ಹೊಂದಿಸಿದ ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಸಿಕ್ಕರೆ ಅದು ಬೇರೆ ಮಾತು, ಹತ್ತಿಪ್ಪತ್ತು ಪಿಪಿಎಂವರೆಗೂ ನೆಚ್ಚಬಹುದು.

ಸಿಲಿಕಾ ಜೆಲ್

ಟಿಎಲ್‌ಸಿ ಇದೆ ಅಂದಮೇಲೆ ಹೈಡ್ರೋಕ್ವಿನೋನ್ ನೀವೇ ಹಿಡಿಯಬಹುದು. ಸ್ಟಿರಾಯ್ಡ್ ಕಷ್ಟ, ಆದರೆ ಪ್ರಯತ್ನಿಸಬಹುದು.

ಹೈಡ್ರೋಕ್ವಿನೋನಿಗೆ 1 ಗ್ರಾಂ ಕ್ರೀಮ್, 10 ಮಿ.ಲೀ. ಮೆಥನಾಲ್, 60 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ, ಚೆನ್ನಾಗಿ ಅಲುಗಾಡಿಸಿ, ಐಸಿನಲ್ಲಿ ಹದಿನೈದು ನಿಮಿಷ, ಮೇಣ ಗಟ್ಟಿಯಾದ ಮೇಲೆ ಸೋಸಿ. ಐಸಿನ ಹೆಜ್ಜೆ ಬಿಟ್ಟರೆ ಮೇಣ ಪ್ಲೇಟಿನ ಮೇಲೆ ಬಂದು ಚುಕ್ಕೆ ಬಾಲ ಬಿಡುತ್ತದೆ. ಫ್ಲೋರೊಸೆಂಟ್ ಸಿಲಿಕಾ ಪ್ಲೇಟು, ಹೆಕ್ಸೇನ್ 3 ಪಾಲು, ಅಸಿಟೋನ್ 2 ಪಾಲು. ಪಕ್ಕದಲ್ಲಿ ಹೈಡ್ರೋಕ್ವಿನೋನ್ ಸ್ಟ್ಯಾಂಡರ್ಡ್ (ಹೋಲಿಸಿ ನೋಡಲು ಶುದ್ಧ ವಸ್ತು), 1 ಮಿ.ಲೀ.ಗೆ 1 ಮಿ.ಗ್ರಾಂ, ಅದೇ ದಿನ ಕರಗಿಸಿದ್ದು, ಕಂದು ಬಾಟಲಿಯಲ್ಲಿ. ನಿನ್ನೆಯದಾದರೆ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕ್ರೀಮಿನಲ್ಲಿ ಶೇಕಡಾ 2 ಇದ್ದರೆ 5 ಮೈಕ್ರೋಲೀಟರ್ ಚುಕ್ಕೆಯಲ್ಲಿ 10 ಮೈಕ್ರೋಗ್ರಾಂ ಬಿತ್ತು, ಅದು ಹೆಚ್ಚೇ ಆಯಿತು. ಚುಕ್ಕೆ ಉದ್ದಕ್ಕೆ ಎಳೆದುಕೊಂಡರೆ ಹತ್ತು ಪಟ್ಟು ತೆಳು ಮಾಡಿ ಮತ್ತೆ ಓಡಿಸಿ. ಯುವಿಯಲ್ಲಿ ಕಪ್ಪು ಚುಕ್ಕೆ ಕಂಡಮೇಲೆ ಅಮೋನಿಯಾ ಬೆರೆಸಿದ ಸಿಲ್ವರ್ ನೈಟ್ರೇಟ್ ಸಿಂಪಡಿಸಿದರೆ ಕಾಯಿಸದೆಯೇ ಕಪ್ಪಾಗುತ್ತದೆ. ಆ ಸಿಂಪಡಣೆ ದ್ರಾವಣವನ್ನು ಉಳಿಸಿ ಇಡಲೇಬಾರದು, ಒಣಗಿದರೆ ಸಿಡಿಯುವ ವಸ್ತು ಆಗುತ್ತದೆ. ಕೆಲಸ ಮುಗಿದ ಕೂಡಲೇ ತೆಳು ಹೈಡ್ರೋಕ್ಲೋರಿಕ್ ಹಾಕಿ ಕೆಡಿಸಿಬಿಡಿ.

ಮೋಸ ಹೋಗುವ ಜಾಗ ಆರ್ಬುಟಿನ್. ಬೆಳ್ಳಗಾಗುವ ಕ್ರೀಮುಗಳಲ್ಲಿ ಹಾಕುವ ಸಾಮಾನ್ಯ ವಸ್ತು, ಹೈಡ್ರೋಕ್ವಿನೋನಿಗೆ ಸಕ್ಕರೆ ಅಂಟಿದ್ದು ಅಷ್ಟೆ. ಆಮ್ಲ ಹಾಕಿ ಕುದಿಸಿದರೆ ಒಡೆದು ಹೈಡ್ರೋಕ್ವಿನೋನ್ ಆಗುತ್ತದೆ, ಆಮೇಲೆ ಇಲ್ಲದ್ದು ಇದೆ ಅಂತ ನೀವೇ ಹುಟ್ಟಿಸಿದ ಹಾಗೆ. ಮೆಥನಾಲ್ ಮಾತ್ರ ಬಳಸಿ. ಬೆನೆಡಿಕ್ಟ್ ದ್ರಾವಣದಲ್ಲಿ ಕೆಂಪು ಬಂತು ಅಂತ ತೀರ್ಮಾನಿಸುವುದೂ ಬೇಡ, ವಿಟಮಿನ್ ಸಿ ಇದ್ದರೂ ಬರುತ್ತದೆ.

ಸ್ಟಿರಾಯ್ಡ್‌ನಲ್ಲಿ ತೊಂದರೆ ಪ್ರಮಾಣದ್ದು. ಕ್ಲೋಬೆಟಾಸೋಲ್ ಎಂಬ ಸ್ಟಿರಾಯ್ಡ್‌ನ ಟ್ಯೂಬಿನಲ್ಲಿ ಇರುವುದೇ ಶೇಕಡಾ 0.05. ಮೇಲಿನ ಹಾಗೇ 10 ಮಿ.ಲೀ. ಮಾಡಿ 10 ಮೈಕ್ರೋಲೀಟರ್ ಇಟ್ಟರೆ ಪ್ಲೇಟಿನ ಮೇಲೆ ಬೀಳುವುದು ಅರ್ಧ ಮೈಕ್ರೋಗ್ರಾಂ, ಇದ್ದೂ ಇಲ್ಲದ ಹಾಗೆ. ಡಬ್ಬಿಯವರು ಟ್ಯೂಬನ್ನು ಬೇರೆ ಕ್ರೀಮಿಗೆ ಬೆರೆಸಿದ್ದರೆ ಇನ್ನೂ ಕಡಿಮೆ. ಸೋಸಿದ್ದರಲ್ಲಿ 5 ಮಿ.ಲೀ. ತೆಗೆದು ಆರಿಸಿ ಅರ್ಧ ಮಿ.ಲೀ.ಗೆ ಇಳಿಸಿ, ಆಗ 5 ಮೈಕ್ರೋಗ್ರಾಂ ಸಿಗುತ್ತದೆ. ದ್ರಾವಕಕ್ಕೆ ಫಾರ್ಮಕೋಪಿಯಾದ ಹಳೇ ಮಿಶ್ರಣವೇ ಒಳ್ಳೆಯದು: ಡೈಕ್ಲೋರೋಮೀಥೇನ್ 77, ಈಥರ್ 15, ಮೆಥನಾಲ್ 8, ನೀರು 1.2. ನೀರನ್ನೂ ಮೆಥನಾಲನ್ನೂ ಮೊದಲು ಬೆರೆಸಿ ಆಮೇಲೆ ಉಳಿದದ್ದಕ್ಕೆ ಸೇರಿಸಬೇಕು, ಇಲ್ಲದಿದ್ದರೆ ಬೇರೆಯಾಗಿ ನಿಲ್ಲುತ್ತದೆ. ಈಥರ್ 35 ಡಿಗ್ರಿಗೆ ಕುದಿಯುವಂಥದ್ದು, ಏಪ್ರಿಲ್ ಮೇ ತಿಂಗಳ ಕಾರವಾರದ ಮಧ್ಯಾಹ್ನದಲ್ಲಿ ಬಾಟಲಿಯಿಂದ ಸುರಿಯುವಷ್ಟರಲ್ಲಿ ಪಾಲು ತಪ್ಪಿರುತ್ತದೆ. ಬೆಳಿಗ್ಗೆ ಮಾಡಿ, ಪ್ರತಿ ಪ್ಲೇಟಿಗೂ ಹೊಸದು ಬೆರೆಸಿ. ಮಳೆಗಾಲದಲ್ಲಿ ಇನ್ನೊಂದು ಕಾಟ. ಪ್ಲೇಟು ತೇವ ಹೀರಿ ಚುಕ್ಕೆಗಳು ಎಲ್ಲೆಲ್ಲೋ ಹೋಗುತ್ತವೆ. 105 ಡಿಗ್ರಿಯಲ್ಲಿ ಅರ್ಧ ತಾಸು ಕಾಯಿಸಿ ಡೆಸಿಕೇಟರಿನಿಂದ ನೇರ ಬಳಸಿ.

ಸ್ಟ್ಯಾಂಡರ್ಡ್ ಕೊಳ್ಳುವುದು ದುಬಾರಿಯಾದರೆ ನಿಮ್ಮಲ್ಲಿರುವ ಎರಡು ಟ್ಯೂಬುಗಳೇ ಹೋಲಿಕೆಗೆ ಆಗುತ್ತವೆ, ಲೇಬಲ್ ಮೇಲೆ ಏನಿದೆ ಎಷ್ಟಿದೆ ಬರೆದಿದೆಯಲ್ಲ. ಅದೇ ರೀತಿ ಹೊರತೆಗೆದು ಪಕ್ಕದಲ್ಲಿ ಓಡಿಸಿ.

ಬ್ಲೂ ಟೆಟ್ರಜೋಲಿಯಂ ಸಿಂಪಡಿಸಿ ನೇರಳೆ ಬರಲಿಲ್ಲ ಅಂತ ಕೈ ಬಿಡಬೇಡಿ. ಆ ಬಣ್ಣ ಬರುವುದು 21ನೇ ಕಾರ್ಬನ್ನಿನಲ್ಲಿ ಹೈಡ್ರಾಕ್ಸಿ ಇರುವ ಸ್ಟಿರಾಯ್ಡ್‌ಗಳಿಗೆ. ಕ್ಲೋಬೆಟಾಸೋಲ್, ಮೊಮೆಟಾಸೋನ್ ಎರಡರಲ್ಲೂ ಆ ಜಾಗದಲ್ಲಿ ಕ್ಲೋರಿನ್ ಕೂತಿದೆ. ಸಿಗಬೇಕಾದವೇ ಅವೆರಡು. ಯುವಿ ಚುಕ್ಕೆಯನ್ನೇ ನೋಡಿ. ಕ್ರೀಮ್ ಕೆಡದಂತೆ ಹಾಕುವ ಪ್ಯಾರಾಬೆನ್ ಕೂಡ ಯುವಿಯಲ್ಲಿ ಕಪ್ಪಾಗಿಯೇ ಕಾಣುವುದರಿಂದ ಟಿಎಲ್‌ಸಿಯಲ್ಲಿ ಬಂದದ್ದು ಅನುಮಾನ ಮಾತ್ರ.

ಖಚಿತಕ್ಕೆ ಎಚ್‌ಪಿಎಲ್‌ಸಿ ಅಥವಾ ಅಣುವಿನ ತೂಕವನ್ನೂ ನೋಡುವ ಎಲ್‌ಸಿ-ಎಂಎಸ್. ಎಚ್‌ಪಿಎಲ್‌ಸಿಯಲ್ಲಿ ಪಿಡಿಎ ಡಿಟೆಕ್ಟರ್ (ಪ್ರತಿ ಶಿಖರದ ಪೂರ್ತಿ ಸ್ಪೆಕ್ಟ್ರಂ ತೋರಿಸುವಂಥದ್ದು) ಇರಲಿ. ಸ್ಟಿರಾಯ್ಡ್‌ನ ಶಿಖರದ ತುದಿ 240 ನ್ಯಾನೋಮೀಟರ್ ಹತ್ತಿರ, ಪ್ಯಾರಾಬೆನ್‌ದು 256ರ ಹತ್ತಿರ, ಸ್ಪೆಕ್ಟ್ರಂ ನೋಡಿದರೆ ತಿಳಿಯುತ್ತದೆ. ಎಲ್‌ಸಿ-ಎಂಎಸ್‌ನಲ್ಲೂ ಬೀಟಾಮೆಥಾಸೋನ್, ಡೆಕ್ಸಾಮೆಥಾಸೋನ್ ತೂಕ ಒಂದೇ, ಕಾಲಮ್ ಬೇರ್ಪಡಿಸದಿದ್ದರೆ ಒಂದರ ಹೆಸರಿನಲ್ಲಿ ಇನ್ನೊಂದು ಬರುತ್ತದೆ. "ಸ್ಟಿರಾಯ್ಡ್ ಟೆಸ್ಟ್" ಅಂತ ಬರೆಯದೆ ಹೆಸರು ಕೊಡಿ: ಕ್ಲೋಬೆಟಾಸೋಲ್ ಪ್ರೊಪಿಯೊನೇಟ್, ಬೀಟಾಮೆಥಾಸೋನ್ ವ್ಯಾಲರೇಟ್ ಮತ್ತು ಡೈಪ್ರೊಪಿಯೊನೇಟ್, ಮೊಮೆಟಾಸೋನ್ ಫ್ಯೂರೋಯೇಟ್, ಫ್ಲೂಸಿನೊಲೋನ್, ಬೆಕ್ಲೊಮೆಥಾಸೋನ್, ಡೆಕ್ಸಾಮೆಥಾಸೋನ್. ಜೊತೆಗೆ ಟ್ರೆಟಿನಾಯ್ನ್, ಅದು ಸ್ಟಿರಾಯ್ಡ್ ಅಲ್ಲ, ವಿಟಮಿನ್ ಎ ಬಗೆಯ ಔಷಧ. ಟ್ರೆಟಿನಾಯ್ನ್ ಬೆಳಕಿಗೆ ಹಾಳಾಗುವುದರಿಂದ ಡಬ್ಬಿಯನ್ನು ಕಿಟಕಿ ಹತ್ತಿರ ಇಡಬೇಡಿ.

ಹೊನ್ನಾವರ ಒಪಿಡಿ

ಪರೀಕ್ಷೆ ನಡೆಯುವಷ್ಟರಲ್ಲಿ ಹಚ್ಚಿಕೊಂಡವರು ಬಂದು ಕೇಳುತ್ತಾರೆ, ಅದಕ್ಕೆ ಎರಡು ಮಾತು.

ಸ್ಟಿರಾಯ್ಡ್ ಅನುಮಾನ ಇದ್ದವರಿಗೆ "ಇವತ್ತೇ ಬಿಟ್ಟುಬಿಡಿ" ಅಂತ ಹೇಳಿ ಕಳಿಸಬೇಡಿ, ಚರ್ಮದ ಡಾಕ್ಟರ ಹತ್ತಿರ ಕಳಿಸಿ. ತಿಂಗಳುಗಟ್ಟಲೆ ಹಚ್ಚಿದವರು ಒಮ್ಮೆಲೇ ಬಿಟ್ಟರೆ ಮುಖ ಕೆಂಪೇರಿ ಉರಿ ಬರುತ್ತದೆ, ಹೆದರಿ ಮತ್ತೆ ಅದೇ ಡಬ್ಬಿ ಹಿಡಿಯುತ್ತಾರೆ. ಕೆನ್ನೆಯಲ್ಲಿ ಸಣ್ಣ ರಕ್ತನಾಳ ಕಾಣುವುದು, ತೆಳುವಾದ ಕೆಂಪು ಚರ್ಮ, ಗುಳ್ಳೆ, ಹೊಸ ಕೂದಲು, ಇವು ಸ್ಟಿರಾಯ್ಡ್ ಕಡೆ ಬೆರಳು ತೋರಿಸುತ್ತವೆ.

ಪಾದರಸ ಅನುಮಾನವಾದರೆ ಹಾಗಲ್ಲ, ತಕ್ಷಣ ನಿಲ್ಲಿಸಬೇಕು, ಮತ್ತು ನೋಡಬೇಕಾದ್ದು ಮೂತ್ರ. ನಮ್ಮ ಕರಾವಳಿಯಲ್ಲಿ ರಕ್ತದ ಪಾದರಸ ಪರೀಕ್ಷೆ ಗೊಂದಲ ಮಾಡುತ್ತದೆ. ದಿನಾ ಮೀನು ತಿನ್ನುವವರ ರಕ್ತದಲ್ಲಿ ಮೀನಿನ ಮೀಥೈಲ್ ಮರ್ಕ್ಯುರಿ ಹೇಗೂ ಇರುತ್ತದೆ. ಕ್ರೀಮಿನ ಪಾದರಸ ಬೇರೆ ಜಾತಿ, ಮೂತ್ರದಲ್ಲಿ ಚೆನ್ನಾಗಿ ತಿಳಿಯುತ್ತದೆ. ಜೊತೆಗೇ ಮೂತ್ರದ ಆಲ್ಬುಮಿನ್ ನೋಡಿಸಿ. ನೊರೆ ಮೂತ್ರ, ಕಾಲು ಊತ ಇದ್ದರೆ ಕಾಯಬೇಡಿ. ಕೇರಳದ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಕಂಡ ಮೆಂಬ್ರೇನಸ್ ನೆಫ್ರೋಪತಿಯ (ಮೂತ್ರದಲ್ಲಿ ಪ್ರೋಟೀನ್ ಸೋರುವ ಕಿಡ್ನಿ ರೋಗ) 22 ಜನರಲ್ಲಿ 15 ಮಂದಿಗೆ ನೆಲ್-1 ಎಂಬ ಪ್ರೋಟೀನಿಗೆ ಸಂಬಂಧಿಸಿದ ಬಗೆ ಇತ್ತು, ಅವರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದವರು.

ಟವೆಲ್, ದಿಂಬಿನಿಂದ ಮನೆಯ ಮಕ್ಕಳಿಗೂ ಹೋಗುತ್ತದೆ. ಅವರದ್ದೂ ಕೇಳಿ.

ಶೆಡ್ಯೂಲ್ ಎಚ್

ದೂರಿನ ಬಗ್ಗೆ. ಹತ್ತು ಸ್ಯಾಂಪಲ್ ಒಂದೇ ದೂರಿನಲ್ಲಿ ಕಟ್ಟಬೇಡಿ, ಅಪರಾಧ ಬೇರೆ ಬೇರೆ.

ಲೇಬಲ್ ಇಲ್ಲದ ನಾಲ್ಕು ಡಬ್ಬಿಗೆ ಲ್ಯಾಬ್ ವರದಿಯೇ ಬೇಡ. ತಯಾರಕರ ಹೆಸರು ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್, ಒಳಗಿನ ವಸ್ತುಗಳ ಪಟ್ಟಿ ಇಲ್ಲದೆ ಮಾರುವುದೇ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಲ್ಲಿ ತಪ್ಪು, ಲೈಸೆನ್ಸ್ ಇಲ್ಲದೆ ತಯಾರಿಸುವುದು ಇನ್ನೂ ದೊಡ್ಡ ತಪ್ಪು. ಹೊರದೇಶದ ಮೂರಕ್ಕೆ ಆಮದುದಾರರ ಹೆಸರು ವಿಳಾಸ, ಆಮದು ನೋಂದಣಿ ಸಂಖ್ಯೆ ಲೇಬಲ್ ಮೇಲೆ ಇದೆಯೇ ನೋಡಿ. "ದುಬೈನಿಂದ ತಂದದ್ದು" ಅನ್ನುವುದು ನೋಂದಣಿ ಆಗುವುದಿಲ್ಲ. ಇನ್ನು ಟ್ಯೂಬುಗಳಲ್ಲಿ ಇರುವುದು ಔಷಧವೇ, ಹಾಗಾಗಿ ಅಲ್ಲಿ ನಿಷೇಧಿತ ವಸ್ತುವಿನ ಪ್ರಶ್ನೆಯೇ ಇಲ್ಲ, ಚೀಟಿ ಇಲ್ಲದೆ ಮಾರಿದ್ದು ತಪ್ಪು. ಹಚ್ಚುವ ಸ್ಟಿರಾಯ್ಡ್‌ಗಳನ್ನು 2018ರಲ್ಲಿ ಶೆಡ್ಯೂಲ್ ಎಚ್ (ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬೇಕಾದ ಔಷಧಗಳ ಪಟ್ಟಿ) ಬಿಗಿಹಿಡಿತಕ್ಕೆ ತಂದಿದ್ದಾರೆ.

ಖಾಸಗಿ ಲ್ಯಾಬಿನ ವರದಿ ಡ್ರಗ್ಸ್ ಇನ್‌ಸ್ಪೆಕ್ಟರಿಗೆ ಸುಳಿವು, ಕೋರ್ಟಿನಲ್ಲಿ ನಿಲ್ಲುವುದು ಅವರು ತಾವೇ ತೆಗೆದ ಸ್ಯಾಂಪಲ್. ಅವರು ಪಾಲು ಮಾಡಿ ಸೀಲ್ ಹಾಕಿ, ಒಂದು ಪಾಲು ಅಂಗಡಿಯವರಿಗೆ ಕೊಟ್ಟು, ಒಂದನ್ನು ಸರ್ಕಾರಿ ವಿಶ್ಲೇಷಕರಿಗೆ ಕಳಿಸುತ್ತಾರೆ. ಆ ವರದಿ ಒಪ್ಪದವರು 28 ದಿನದೊಳಗೆ ತಕರಾರು ಹಾಕಬೇಕು. ಕೊಂಡವರು ನೇರವಾಗಿಯೂ ಕಳಿಸಬಹುದು, ಕಾಯ್ದೆಯ 26ನೇ ಕಲಂ ಪ್ರಕಾರ ಅರ್ಜಿ ಮತ್ತು ಶುಲ್ಕ ಕೊಟ್ಟರೆ ಸರ್ಕಾರಿ ವಿಶ್ಲೇಷಕರಿಂದ ವರದಿ ಪಡೆಯುವ ಹಕ್ಕು ಯಾರಿಗೂ ಇದೆ. ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯಗಳು ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಯಲ್ಲಿವೆ. ಅರ್ಜಿಯಲ್ಲೂ ವಸ್ತುಗಳ ಹೆಸರು ಬರೆಯಿರಿ, "ಕ್ರೀಮ್ ಪರೀಕ್ಷಿಸಿ" ಅಂದರೆ ಪಿಎಚ್ ನೋಡಿ ಕಳಿಸಿಯಾರು. ಖಾಸಗಿಗೆ ಹೋಗುವುದಾದರೆ, ಲ್ಯಾಬುಗಳಿಗೆ ಮಾನ್ಯತೆ ಕೊಡುವ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆ ಇದೆ ಅಂದರಷ್ಟೇ ಸಾಲದು, ಅವರ ಮಾನ್ಯತಾ ಪಟ್ಟಿಯಲ್ಲಿ ಸೌಂದರ್ಯವರ್ಧಕ ವಿಭಾಗದಡಿ ಪಾದರಸ ಇದೆಯೇ ನೋಡಿ.

ಸ್ಯಾಂಪಲ್: ಒಂದೇ ಬ್ಯಾಚಿನ ಮೂರು ಡಬ್ಬಿ, ಬಿಲ್ಲು, ಕೊಂಡ ದಿನ, ಜಾಗ, ನಾಲ್ಕೂ ಕಡೆಯ ಫೋಟೋ. ಎರಡು ಡಬ್ಬಿ ತೆರೆಯದೇ ಇಡಿ. ಬಿಲ್ಲು ಕೊಡುವುದಿಲ್ಲ ಅಂದರೆ ಫೋನಿನಲ್ಲಿ ಹಣ ಹಾಕಿ, ಅದೇ ದಾಖಲೆ. ಒಂದೊಂದು ಸ್ಯಾಂಪಲ್ಲಿಗೆ 15ರಿಂದ 20 ಗ್ರಾಂ ಇದ್ದರೆ ಮೂರೂ ಪರೀಕ್ಷೆ ಮಾಡಿ ಮತ್ತೊಮ್ಮೆ ನೋಡುವಷ್ಟು ಉಳಿಯುತ್ತದೆ. ಮನೆಯಲ್ಲಿ ಕಲಸಿದ ಮಾಲು ಸಮನಾಗಿ ಇರುವುದಿಲ್ಲ, ಮೇಲೆ ಒಂದು, ತಳದಲ್ಲಿ ಒಂದು. ಮೇಲೆ, ನಡು, ತಳ ಮೂರು ಕಡೆಯಿಂದ ತೆಗೆದು ಕಲಸಬೇಕು, ಪ್ಲಾಸ್ಟಿಕ್ ಅಥವಾ ಗಾಜಿನ ಕಡ್ಡಿಯಿಂದ. ಅಲ್ಯೂಮಿನಿಯಂ ಫಾಯಿಲಿನಲ್ಲಿ ಸುತ್ತಬೇಡಿ, ಪಾದರಸದ ಲವಣ ಅದನ್ನು ತಿನ್ನುತ್ತದೆ. ಬಸ್ಸಿನ ಪಾರ್ಸಲ್‌ಗೆ ಹಾಕುವುದಾದರೆ ಬೇಸಿಗೆಯಲ್ಲಿ ರಾತ್ರಿ ಬಸ್ಸಿಗೇ ಹಾಕಿ, ಹಗಲಿನ ಸೆಕೆಗೆ ಕ್ರೀಮ್ ಒಡೆದು ಎಣ್ಣೆ ಬೇರೆ ನೀರು ಬೇರೆ ಆಗಿ ತಲುಪುತ್ತದೆ.

ಬನವಾಸಿ ರಸ್ತೆ

ಎಲ್ಲರಿಗೂ ಧನ್ಯವಾದ. ಸೋಮವಾರ ತಾಮ್ರದ ಪಟ್ಟಿಯಿಂದ ಶುರು ಮಾಡುತ್ತೇವೆ. ಒಂದು ಉಳಿಯಿತು: ಸಂಘದವರು ಮನೆಯಲ್ಲಿದ್ದ ಹಳೇ ಡಬ್ಬಿಗಳನ್ನೆಲ್ಲ ತಂದು ಕೊಡುತ್ತಿದ್ದಾರೆ, ಮೂವತ್ತಾಗಿವೆ. ಅವನ್ನು ಎಂತ ಮಾಡುವುದು? ಕೆಲವರು ಬಚ್ಚಲೊಲೆಗೆ ಹಾಕಿದ್ದೂ ಇದೆಯಂತೆ.

ಮೇಜು ಮತ್ತು ತಕ್ಕಡಿ

ಬಚ್ಚಲೊಲೆಗೆ ಮಾತ್ರ ಬೇಡವೇ ಬೇಡ. ಒಲೆಯ ಬಿಸಿಗೆ ಪಾದರಸ ಪೂರ್ತಿ ಆವಿಯಾಗಿ ಅದೇ ಮುಚ್ಚಿದ ಬಚ್ಚಲಲ್ಲಿ ತುಂಬುತ್ತದೆ, ಸ್ನಾನಕ್ಕೆ ನಿಂತವರು ಉಸಿರಾಡುವುದು ಅದನ್ನೇ. ಹಾಕಿದವರು ಬಾಗಿಲು ಕಿಟಕಿ ತೆರೆದು ಕೆಲವು ದಿನ ಅಲ್ಲಿ ಬೆಂಕಿ ಹಾಕದಿರಲಿ, ಬೂದಿಯನ್ನು ಪಾತ್ರೆ ತೊಳೆಯಲು, ತೋಟಕ್ಕೆ ಬಳಸದಿರಲಿ. ಡಬ್ಬಿಗಳನ್ನು ಮುಚ್ಚಳಕ್ಕೆ ಟೇಪ್ ಸುತ್ತಿ, ಒಂದೊಂದನ್ನೂ ಜಿಪ್ ಚೀಲಕ್ಕೆ ಹಾಕಿ, ಎಲ್ಲ ಸೇರಿಸಿ ಮುಚ್ಚಳದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಇಡಿ, ಮಕ್ಕಳ ಕೈಗೆ ಸಿಗದ ಕಡೆ. ಯಾವ ಡಬ್ಬಿ ಯಾರು ಎಲ್ಲಿ ಕೊಂಡದ್ದು ಅಂತ ಚೀಟಿ ಅಂಟಿಸಿ. ದೂರಿನ ಜೊತೆ ಪಟ್ಟಿ ಕೊಡಿ, ಇನ್‌ಸ್ಪೆಕ್ಟರ್ ಬಂದಾಗ ಬಕೆಟ್ಟು ಅವರಿಗೆ ಒಪ್ಪಿಸಿ ಸಹಿ ಹಾಕಿಸಿಕೊಳ್ಳಿ.